ಗಿಟಾರ್ ಪ್ರಶ್ನೋತ್ತರ: ಮೋಡ್ ಹೆಸರು ಆಮೇಲೆ, ಸಾ ಎಲ್ಲಿದೆ ಮೊದಲು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಕಿಂಗ್ ಟ್ರ್ಯಾಕ್ (ಜೊತೆಗೆ ನುಡಿಸಲೆಂದು ಮಾಡಿದ ಹಿನ್ನೆಲೆ ಸಂಗೀತದ ಧ್ವನಿಮುದ್ರಣ) ಹಾಕಿಕೊಂಡು ಸೋಲೊ ನುಡಿಸುವುದರ ಬಗ್ಗೆಯೇ ಇವೆ. ಉತ್ತರಗಳಲ್ಲಿ 1ನೇ ತಂತಿ ಎಂದರೆ ಎಲ್ಲಕ್ಕಿಂತ ತೆಳುವಾದದ್ದು, 6ನೇ ತಂತಿ ಎಂದರೆ ಎಲ್ಲಕ್ಕಿಂತ ದಪ್ಪನೆಯದು. ಟ್ಯೂನಿಂಗ್ ಮಾಮೂಲಿನದೇ: ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಓದಿ. ಬರೀ ಓದಿದರೆ ಇದರಲ್ಲಿ ಅರ್ಧವೂ ದಕ್ಕುವುದಿಲ್ಲ.

ಪ್ರಶ್ನೆ: ಸಿ ಮೇಜರ್ ಸ್ಕೇಲನ್ನು ಡಿಯಿಂದ ಡಿವರೆಗೆ ನುಡಿಸಿದರೆ ಡಿ ಡೋರಿಯನ್, ಇಯಿಂದ ಇವರೆಗೆ ನುಡಿಸಿದರೆ ಇ ಫ್ರಿಜಿಯನ್ ಎಂದು ಕಲಿತಿದ್ದೇನೆ. ಏಳು ಮೋಡುಗಳ ಏಳೂ ಬಾಕ್ಸ್ (ಫ್ರೆಟ್ಟುಗಳ ಮೇಲೆ ಬೆರಳಿಡುವ ನಕ್ಷೆ) ಬಾಯಿಪಾಠವಾಗಿವೆ. ಆದರೆ ಸಿ ಮೇಜರ್ ಟ್ರ್ಯಾಕ್ ಹಾಕಿಕೊಂಡು ನುಡಿಸಿದರೆ ಎಲ್ಲ ಮೋಡೂ ಒಂದೇ ಥರ ಕೇಳಿಸುತ್ತವೆ. ತಪ್ಪು ಎಲ್ಲಿದೆ? (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಟ್ರ್ಯಾಕ್ ಸಿ ಮೇಜರಿನದಾದರೆ ನೀವು ಡಿಯಿಂದ ಹೊರಟರೂ ಇಯಿಂದ ಹೊರಟರೂ ಕೇಳಿಸುವುದು ಸಿ ಮೇಜರೇ. ಬೇಸ್ ಮತ್ತೆ ಮತ್ತೆ ಸಿಗೆ ಬಂದು ಕೂರುತ್ತಿರುವಾಗ ನಿಮ್ಮ ಬೆರಳು ಯಾವ ಫ್ರೆಟ್ಟಿನಿಂದ ಹೊರಟಿತು ಎನ್ನುವುದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಕೆಳಗೆ ನುಡಿಯುತ್ತಿರುವ ಬೇಸ್ ಮತ್ತು ಕಾರ್ಡುಗಳು ಯಾವ ಸ್ವರವನ್ನು ಸಾ ಮಾಡಿಕೊಂಡಿವೆ ಎನ್ನುವುದರಿಂದ ಮೋಡ್ ಹುಟ್ಟುತ್ತದೆ.

ಕರ್ನಾಟಕ ಸಂಗೀತದ ಪಾಠ ಆಗಿರುವವರಿಗೆ ಇದು ಗೊತ್ತಿರುವ ಸಂಗತಿ. ತಂಬೂರಿ ಹಳೆಯ ಷಡ್ಜವನ್ನೇ ಮೀಟುತ್ತಿದ್ದರೆ ಶಂಕರಾಭರಣವನ್ನು ರಿಷಭದಿಂದ ಎತ್ತಿಕೊಂಡರೂ ಅದು ಶಂಕರಾಭರಣವೇ. ರಿಷಭವನ್ನೇ ಷಡ್ಜ ಮಾಡಿಕೊಂಡು ತಂಬೂರಿಯನ್ನೂ ಅಲ್ಲಿಗೆ ಸರಿಸಿದಿರೋ, ಅವೇ ಸ್ವರಗಳು ಖರಹರಪ್ರಿಯದವಾಗುತ್ತವೆ. ಗ್ರಹಭೇದ ಎಂದರೆ ಇದೇ. ಡೋರಿಯನ್ ಎನ್ನುವುದು, ಸ್ವರಗಳ ಲೆಕ್ಕಕ್ಕೆ ಮಾತ್ರ ಹೇಳುವುದಾದರೆ, ಖರಹರಪ್ರಿಯ.

ಈಗಲೇ ಪರೀಕ್ಷೆ ಮಾಡಿ. ಫೋನಿನ ತಂಬೂರಿ ಆ್ಯಪನ್ನು ಒಂದು ಮನೆ ಶ್ರುತಿಗೆ, ಅಂದರೆ ಸಿಗೆ ಇಟ್ಟು ಸಿ ಮೇಜರ್ ಸ್ವರಗಳನ್ನು ಎರಡು ನಿಮಿಷ ನುಡಿಸಿ. ಬೆರಳು ಬದಲಿಸದೆ ಆ್ಯಪನ್ನು ಎರಡು ಮನೆಗೆ, ಅಂದರೆ ಡಿಗೆ ಏರಿಸಿ. ಇಷ್ಟು ಹೊತ್ತು ನೆಮ್ಮದಿಯಾಗಿ ಕೂತಿದ್ದ ಸಿ ಸ್ವರ ಈಗ ಡಿಗೆ ಹೋಗಲು ಕಾತರಿಸುತ್ತದೆ. ಎಫ್ ಸ್ವರ ಮೈನರ್ ಬಣ್ಣ ಕೊಡುತ್ತದೆ, ಬಿ ಸ್ವರ ಆ ಮೈನರಿನೊಳಗೆ ಒಂದು ಕಿಟಕಿ ತೆರೆದ ಹಾಗೆ ಬೆಳಗುತ್ತದೆ. ಡೋರಿಯನ್ ಇದು.

ಏಳು ಬಾಕ್ಸುಗಳನ್ನು ಸದ್ಯ ಪಕ್ಕಕ್ಕಿಡಿ. ಮೋಡುಗಳನ್ನು ಒಂದೇ ಸಾ ಮೇಲೆ, ಒಂದೇ ತಂತಿಯಲ್ಲಿ ಕಲಿಯುವುದು ಇದಕ್ಕಿಂತ ಎಷ್ಟೋ ಒಳ್ಳೆಯ ದಾರಿ. 5ನೇ ತಂತಿಯನ್ನು ಓಪನ್ ಆಗಿ ಮೀಟಿ ಮೊಳಗಲು ಬಿಡಿ, ಅದು ಎ. 3ನೇ ತಂತಿಯಲ್ಲಿ ಈ ಫ್ರೆಟ್ಟುಗಳನ್ನು ಒಂದೊಂದಾಗಿ ಹತ್ತಿ: 2, 4, 6, 8, 9, 11, 13, 14. ಇದು ಎ ಲಿಡಿಯನ್. ನಮ್ಮ ಮೇಳಗಳಲ್ಲಿ, ಅಂದರೆ ಏಳು ಸ್ವರದ ಮೂಲ ರಾಗಗಳಲ್ಲಿ, 65ನೆಯದಾದ ಮೇಚಕಲ್ಯಾಣಿಯ ಸ್ವರಗಳು. ಇನ್ನು ಒಂದೊಂದೇ ಸ್ವರವನ್ನು ಒಂದೊಂದೇ ಫ್ರೆಟ್ ಇಳಿಸುತ್ತ ಬನ್ನಿ. 8ರ ಬದಲು 7 ಹಿಡಿದರೆ ಐಯೋನಿಯನ್, ಅಂದರೆ ಮಾಮೂಲಿ ಮೇಜರ್ ಸ್ಕೇಲ್, ನಮ್ಮ 29ನೇ ಮೇಳ ಶಂಕರಾಭರಣ. ಅದರ ಮೇಲೆ 13ರ ಬದಲು 12 ಹಿಡಿದರೆ ಮಿಕ್ಸೊಲಿಡಿಯನ್, ಹರಿಕಾಂಭೋಜಿ. 6ರ ಬದಲು 5 ಹಿಡಿದರೆ ಡೋರಿಯನ್, ಖರಹರಪ್ರಿಯ. 11ರ ಬದಲು 10 ಹಿಡಿದರೆ ಈಯೋಲಿಯನ್, ಅಂದರೆ ನ್ಯಾಚುರಲ್ ಮೈನರ್, ನಠಭೈರವಿ. 4ರ ಬದಲು 3 ಹಿಡಿದರೆ ಫ್ರಿಜಿಯನ್, 8ನೇ ಮೇಳ ಹನುಮತೋಡಿ. ಇನ್ನೂ ಒಂದು ಹೆಜ್ಜೆ ಇಳಿದು 9ನ್ನು 8 ಮಾಡಿದರೆ ಪಂಚಮವೇ ಕೈಬಿಟ್ಟು ಹೋಗುತ್ತದೆ, ಅದು ಲೋಕ್ರಿಯನ್. ಪಂಚಮ ಇಲ್ಲದ್ದರಿಂದ ಅದಕ್ಕೆ 72 ಮೇಳಗಳಲ್ಲಿ ಜಾಗವಿಲ್ಲ. ಸೋಲೊ ನುಡಿಸುವವರಿಗೂ ಅದರ ಕೆಲಸ ಬೀಳುವುದು ಅಪರೂಪ.

ಬೆಳಕಿನಿಂದ ಕತ್ತಲಿಗೆ ಮೆಟ್ಟಿಲಿಳಿದ ಹಾಗೆ ಕೇಳಿಸುವ ಈ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಮಾಡಿ. ಹೊಸದಾಗಿ ಇಳಿಸಿದ ಸ್ವರದ ಮೇಲೆ ಪ್ರತಿ ಸಲವೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಆ ಮೋಡಿನ ಮುಖ ಇರುವುದು ಆ ಸ್ವರದಲ್ಲಿ. ಮಿಕ್ಕ ಸ್ವರಗಳು ಪಕ್ಕದ ಮೋಡಿನಲ್ಲೂ ಇರುತ್ತವೆ.

ಆಮೇಲೆ ಮೋಡಿಗೆಂದೇ ಮಾಡಿದ ಟ್ರ್ಯಾಕ್ ಹುಡುಕಿ, ಇಲ್ಲವೇ ನುಡಿಸಿದ್ದನ್ನು ಮತ್ತೆ ಮತ್ತೆ ತಿರುಗಿಸುವ ಲೂಪರ್‌ನಲ್ಲಿ ನೀವೇ ಮಾಡಿಕೊಳ್ಳಿ. ಡಿ ಡೋರಿಯನ್‌ಗೆ ಡಿ ಮೈನರ್ 7 ಮತ್ತು ಜಿ7. ಜಿ ಮಿಕ್ಸೊಲಿಡಿಯನ್‌ಗೆ ಜಿ7 ಮತ್ತು ಎಫ್. ಸಿ ಲಿಡಿಯನ್‌ಗೆ ಸಿ ಮತ್ತು ಡಿ ಮೇಜರ್. ಇ ಫ್ರಿಜಿಯನ್‌ಗೆ ಇ ಮೈನರ್ ಮತ್ತು ಎಫ್ ಮೇಜರ್. ಇಂಥ ಟ್ರ್ಯಾಕುಗಳಲ್ಲಿ ಒಂದೋ ಎರಡೋ ಕಾರ್ಡು ಮಾತ್ರ ಇರುವುದಕ್ಕೆ ಕಾರಣವಿದೆ. ಡಿ ಮೈನರ್ 7, ಜಿ7 ಆದಮೇಲೆ ಸಿ ಮೇಜರ್ ಕಾರ್ಡನ್ನು ಒಂದೇ ಒಂದು ಸಲ ಸೇರಿಸಿ ನೋಡಿ: ಕಿವಿ ಸಿಯನ್ನೇ ಮನೆ ಮಾಡಿಕೊಂಡುಬಿಡುತ್ತದೆ, ಡೋರಿಯನ್ ಅಲ್ಲಿಗೆ ಮುಗಿಯಿತು. ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ ಮೊದಲ ರಚನೆಯಲ್ಲಿ 16 ಬಾರ್ (ನಾಲ್ಕು ಬೀಟಿನ ಆವರ್ತ) ಡಿ ಡೋರಿಯನ್, 8 ಬಾರ್ ಇ ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ ಡೋರಿಯನ್, ಅಷ್ಟೇ. ಕಾರ್ಡುಗಳ ಓಟ ನಿಂತದ್ದಕ್ಕೇ ಅಲ್ಲಿ ಮೋಡಿಗೆ ಉಸಿರಾಡಲು ಜಾಗ ಸಿಕ್ಕಿದೆ.

ಪ್ರಶ್ನೆ: ಎ ಮೈನರ್, ಎಫ್, ಸಿ, ಜಿ ಎಂದು ಸುತ್ತುವ ಟ್ರ್ಯಾಕಿಗೆ ಎ ಮೈನರ್ ಪೆಂಟಟಾನಿಕ್ (ಐದು ಸ್ವರದ ಸ್ಕೇಲ್) ನುಡಿಸುತ್ತೇನೆ. ಇದರಲ್ಲಿ ಯಾವ ಸ್ವರವೂ ತಪ್ಪಾಗುವುದಿಲ್ಲ ಎನ್ನುತ್ತಾರೆ. ಆದರೂ ಜಿ ಕಾರ್ಡ್ ಬಂದಾಗ ಏನೋ ಸಿಕ್ಕಿಹಾಕಿಕೊಂಡ ಹಾಗೆ ಕೇಳಿಸುತ್ತದೆ. (ಹುಬ್ಬಳ್ಳಿ)

ಉತ್ತರ: ನಿಮ್ಮ ಎಡಗೈ ತೋರುಬೆರಳು 3ನೇ ತಂತಿಯ 5ನೇ ಫ್ರೆಟ್ ಮೇಲೆ ನಿಂತಿರಬೇಕು, ನೋಡಿಕೊಳ್ಳಿ. ಎ ಮೈನರ್ ಪೆಂಟಟಾನಿಕ್‌ನ ಮೊದಲ ಬಾಕ್ಸ್ ನುಡಿಸುವ ಎಲ್ಲರ ಕೈಯೂ ಅಲ್ಲಿಗೇ ಬಂದು ನಿಲ್ಲುತ್ತದೆ. ಅದು ಸಿ ಸ್ವರ. ಜಿ ಕಾರ್ಡಿನಲ್ಲಿರುವುದು ಜಿ, ಬಿ, ಡಿ. ನೀವು ಸಿ ಹಿಡಿದು ನಿಂತಿದ್ದೀರಿ, ಕಾರ್ಡು ಒಂದೇ ಫ್ರೆಟ್ ಕೆಳಗೆ ಬಿ ನುಡಿಸುತ್ತಿದೆ. ಅವೆರಡೂ ಒಂದಕ್ಕೊಂದು ಉಜ್ಜುತ್ತವೆ. ಪೆಂಟಟಾನಿಕ್‌ನಲ್ಲಿರುವುದು ಎ, ಸಿ, ಡಿ, ಇ, ಜಿ; ಜಿ ಕಾರ್ಡಿಗೆ ಬೇಕಾದ ಬಿ ಅದರಲ್ಲಿ ಇಲ್ಲವೇ ಇಲ್ಲ. ಸಿಯನ್ನು ಮುಟ್ಟಿ ಮುಂದೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ನಿಂತರೆ ಮಾತ್ರ ಚುಚ್ಚುತ್ತದೆ. ಜಿ ಕಾರ್ಡಿನ ಮೊದಲ ಬೀಟಿಗೆ ಸರಿಯಾಗಿ ಬೆರಳನ್ನು 4ನೇ ಫ್ರೆಟ್ಟಿಗೆ ಜಾರಿಸಿ. ಗಂಟು ಬಿಚ್ಚಿಕೊಂಡ ಹಾಗಾಗುತ್ತದೆ.

ಪೆಂಟಟಾನಿಕ್ ಒಳ್ಳೆಯ ಸ್ಕೇಲೇ. ಆದರೆ ಯಾವ ಸ್ವರವೂ ತಪ್ಪಾಗುವುದಿಲ್ಲ ಎನ್ನುವ ಮಾತು ಕಲಿಯುವವರನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂರಿಸುತ್ತದೆ. ಸ್ಕೇಲು ದಾರಿ, ಇಳಿಯಬೇಕಾದ ನಿಲ್ದಾಣವನ್ನು ಕಾರ್ಡು ಹೇಳುತ್ತದೆ. ಮೊದಲು ಪ್ರತಿ ಕಾರ್ಡಿನ ಮೂರನೆಯ ಸ್ವರ, ಅಂದರೆ ಅದರ ಗಾಂಧಾರ ಎಲ್ಲಿದೆ ಎಂದು ಹುಡುಕಿಕೊಳ್ಳಿ. ರೂಟನ್ನು, ಅಂದರೆ ಕಾರ್ಡಿಗೆ ಹೆಸರು ಕೊಟ್ಟ ಸ್ವರವನ್ನು, ಬೇಸ್ ನುಡಿಸುತ್ತಲೇ ಇರುತ್ತದೆ. ಪಂಚಮ ಮೇಜರಿಗೂ ಮೈನರಿಗೂ ಒಂದೇ. ಕಾರ್ಡು ನಗುತ್ತಿದೆಯೋ ಬೇಸರದಲ್ಲಿದೆಯೋ ಎಂದು ಹೇಳುವುದು ಮೂರನೆಯ ಸ್ವರ. ನಿಮ್ಮ ಟ್ರ್ಯಾಕಿಗೆ ಅವು ಹೀಗೆ: ಎ ಮೈನರಿಗೆ ಸಿ, 3ನೇ ತಂತಿ 5ನೇ ಫ್ರೆಟ್. ಎಫ್‌ಗೆ ಎ, 4ನೇ ತಂತಿ 7ನೇ ಫ್ರೆಟ್. ಸಿಗೆ ಇ, 2ನೇ ತಂತಿ 5ನೇ ಫ್ರೆಟ್. ಜಿಗೆ ಬಿ, 3ನೇ ತಂತಿ 4ನೇ ಫ್ರೆಟ್. ನಾಲ್ಕೂ ಒಂದು ಅಂಗೈಯಗಲದಲ್ಲೇ ಸಿಗುತ್ತವೆ.

ಟ್ರ್ಯಾಕಿನ ವೇಗ ನಿಮಿಷಕ್ಕೆ 70 ಬೀಟಿನ ಆಸುಪಾಸು ಇರಲಿ. ಮೊದಲ ಐದು ನಿಮಿಷ ಪ್ರತಿ ಬಾರಿನ ಮೊದಲ ಬೀಟಿಗೆ ಆ ಒಂದೇ ಸ್ವರ ನುಡಿಸಿ, ಬಾರ್ ಮುಗಿಯುವವರೆಗೂ ಹಿಡಿಯಿರಿ. ಬೇಜಾರಾಗುತ್ತದೆ, ಬಿಡಬೇಡಿ. ಮುಂದಿನ ಐದು ನಿಮಿಷ ಹಿಂದಿನ ಬಾರಿನ ಮೂರನೇ ಬೀಟಿನಿಂದ ಪೆಂಟಟಾನಿಕ್‌ನ ಎರಡು ಸ್ವರ ನುಡಿಸುತ್ತ ಹೋಗಿ ಅದರ ಮೇಲೆ ಇಳಿಯಿರಿ. ಎಲ್ಲರೂ ಎಡವುವುದು ಇಲ್ಲಿ: ಕಾರ್ಡು ಬದಲಾದದ್ದು ಕೇಳಿಸಿದ ಮೇಲೆ ಬೆರಳು ಹೊರಡುತ್ತದೆ, ಅರ್ಧ ಬೀಟು ತಡವಾಗುತ್ತದೆ. ಇದಕ್ಕೆ ಮದ್ದು ಬಾಯಲ್ಲಿದೆ. ಒಂದು, ಎರಡು ಎಂದು ಎಣಿಸುತ್ತ ಬಂದು ಮೂರರ ಜಾಗದಲ್ಲಿ ಮುಂದೆ ಬರುವ ಕಾರ್ಡಿನ ಹೆಸರನ್ನು ಜೋರಾಗಿ ಹೇಳಿ. ಬಾಯಿ ಮುಂದಾಗಿ ಹೇಳಿದರೆ ಕೈ ಸಮಯಕ್ಕೆ ತಲುಪುತ್ತದೆ.

ಇದು ಕೈಗೆ ಹತ್ತಿದ ಮೇಲೆ ಬಿ ಜೊತೆಗೆ ಎಫ್ ಸ್ವರವನ್ನೂ ಸೇರಿಸಿಕೊಳ್ಳಿ, 2ನೇ ತಂತಿಯ 6ನೇ ಫ್ರೆಟ್. ಅಲ್ಲಿಗೆ ಎ ನ್ಯಾಚುರಲ್ ಮೈನರ್ ಪೂರ್ತಿಯಾಯಿತು. ಎಫ್ ಕಾರ್ಡಿಗೆ ಆ ಸ್ವರ ಚೆನ್ನಾಗಿ ಕೂರುತ್ತದೆ. ಸಿ ಕಾರ್ಡಿನ ಮೇಲೆ ಅದನ್ನು ಹಿಡಿದು ನಿಲ್ಲಬೇಡಿ, ಪಕ್ಕದ ಇಯೊಂದಿಗೆ ಮತ್ತೆ ಅದೇ ಜಗಳ.

ಪ್ರಶ್ನೆ: ಟ್ರ್ಯಾಕಿನ ಹೆಸರಲ್ಲಿ 'ಎ ಮೈನರ್' ಎಂದಷ್ಟೇ ಇರುತ್ತದೆ. ಅದು ಡೋರಿಯನ್ನೋ, ನ್ಯಾಚುರಲ್ ಮೈನರೋ ತಿಳಿಯುವುದು ಹೇಗೆ? (ಮಂಗಳೂರು)

ಉತ್ತರ: ಮೊದಲು ಸಾ ಖಚಿತ ಮಾಡಿಕೊಳ್ಳಿ. ಟ್ರ್ಯಾಕಿನ ಜೊತೆ ಗುನುಗುತ್ತಿದ್ದು ನಡುವೆ ಎಲ್ಲಾದರೂ ಫಕ್ಕನೆ ನಿಲ್ಲಿಸಿ. ನಿಮ್ಮ ಗಂಟಲು ಯಾವ ಸ್ವರಕ್ಕೆ ಬಂದು ಮುಗಿಸಲು ಬಯಸುತ್ತದೋ ಅದು ಸಾ. ಅದನ್ನು 6ನೇ ತಂತಿಯಲ್ಲಿ ಹುಡುಕಿ. ಎ ಆಗಿದ್ದರೆ 5ನೇ ಫ್ರೆಟ್ಟಿನಲ್ಲಿ ಸಿಗುತ್ತದೆ.

ಆಮೇಲೆ ಮೂರು ಪರೀಕ್ಷೆ. 2ನೇ ತಂತಿಯ 6ನೇ ಫ್ರೆಟ್ಟನ್ನು ಇಡೀ ಸುತ್ತು ಹಿಡಿದಿರಿ, ಮುಂದಿನ ಸುತ್ತಿಗೆ 7ನೇ ಫ್ರೆಟ್. 6, ಅಂದರೆ ಎಫ್ ಹೊಂದಿದರೆ ನ್ಯಾಚುರಲ್ ಮೈನರ್ ಕಡೆಗೆ. 7, ಅಂದರೆ ಎಫ್ ಶಾರ್ಪ್ ಹೊಂದಿದರೆ ಡೋರಿಯನ್. ಹಾಗೆಯೇ 1ನೇ ತಂತಿಯ 7 ಮತ್ತು 6. ಇಲ್ಲಿ 6, ಅಂದರೆ ಬಿ ಫ್ಲಾಟ್ ಹೊಂದಿದರೆ ಫ್ರಿಜಿಯನ್. ಕೊನೆಯದಾಗಿ 1ನೇ ತಂತಿಯ 3 ಮತ್ತು 4. ಯಾವುದೋ ಒಂದು ಕಾರ್ಡಿನ ಮೇಲೆ ಮಾತ್ರ 4, ಅಂದರೆ ಜಿ ಶಾರ್ಪ್ ಬೇಕೆನಿಸಿದರೆ ಅಲ್ಲಿ ಇ7 ಇದೆ, ಆ ಜಾಗಕ್ಕೆ ಹಾರ್ಮೋನಿಕ್ ಮೈನರ್.

ಕಾರ್ಡುಗಳ ಹೆಸರು ಪರದೆಯ ಮೇಲೆ ಕಾಣುತ್ತಿದ್ದರೆ ಇಷ್ಟೂ ಬೇಡ. ಎ ಮೈನರ್ ಜೊತೆ ಡಿ ಮೇಜರ್ ಅಥವಾ ಡಿ7 ಇದ್ದರೆ ಡೋರಿಯನ್, ಏಕೆಂದರೆ ಆ ಕಾರ್ಡಿನೊಳಗೆ ಎಫ್ ಶಾರ್ಪ್ ಇದೆ. ಡಿ ಮೈನರ್ ಅಥವಾ ಎಫ್ ಇದ್ದರೆ ನ್ಯಾಚುರಲ್ ಮೈನರ್. ಬರೀ ಎ ಮೈನರ್ ಮತ್ತು ಜಿ ಮಾತ್ರ ಇದ್ದರೆ? ಅಲ್ಲಿ ಎಫ್ ಕೂಡ ಇಲ್ಲ, ಎಫ್ ಶಾರ್ಪ್ ಕೂಡ ಇಲ್ಲ. ಯಾವುದನ್ನು ನುಡಿಸಿದರೂ ನಡೆಯುತ್ತದೆ, ಮೋಡನ್ನು ಆರಿಸುವವರು ನೀವೇ. ಅಭ್ಯಾಸಕ್ಕೆ ಇಂಥ ಟ್ರ್ಯಾಕೇ ಬಲು ಚೆನ್ನ: ನಾಲ್ಕು ಬಾರ್ ಎಫ್, ನಾಲ್ಕು ಬಾರ್ ಎಫ್ ಶಾರ್ಪ್ ಎಂದು ಬದಲಾಯಿಸುತ್ತ ಒಂದೇ ಹಿನ್ನೆಲೆ ಎರಡು ಬಣ್ಣ ತಾಳುವುದನ್ನು ಕೇಳಿ.

ಪ್ರಶ್ನೆ: ಎಯಲ್ಲಿ 12 ಬಾರ್ ಬ್ಲೂಸ್ ನುಡಿಸುವಾಗ ಕೆಲವರು ಮೈನರ್ ಪೆಂಟಟಾನಿಕ್, ಕೆಲವರು ಮೇಜರ್ ಪೆಂಟಟಾನಿಕ್, ಇನ್ನು ಕೆಲವರು ಮಿಕ್ಸೊಲಿಡಿಯನ್ ಎನ್ನುತ್ತಾರೆ. ಯಾವುದು ಸರಿ? (ಮೈಸೂರು)

ಉತ್ತರ: ಮೂರೂ ಸರಿ, ಜಾಗ ಬೇರೆ ಬೇರೆ. ಮಾಮೂಲಿ 12 ಬಾರಿನಲ್ಲಿ ಎ7 ನಾಲ್ಕು ಬಾರ್, ಡಿ7 ಎರಡು, ಎ7 ಎರಡು, ಆಮೇಲೆ ಇ7, ಡಿ7, ಎ7, ಇ7 ಒಂದೊಂದು ಬಾರ್. ಮೂರೂ ಡಾಮಿನೆಂಟ್ ಸೆವೆಂತ್ ಕಾರ್ಡುಗಳು. ಎ7ರಲ್ಲಿ ಸಿ ಶಾರ್ಪ್ ಇದೆ, ಡಿ7ರಲ್ಲಿ ಸಿ ಇದೆ. ಎ7ರಲ್ಲಿ ಜಿ ಇದೆ, ಇ7ರಲ್ಲಿ ಜಿ ಶಾರ್ಪ್ ಇದೆ. ಮೂರಕ್ಕೂ ಒಗ್ಗುವ ಒಂದು ಮೇಜರ್ ಸ್ಕೇಲ್ ಆಗಲಿ, ಅದರ ಒಂದು ಮೋಡ್ ಆಗಲಿ ಇಲ್ಲವೇ ಇಲ್ಲ. ಬ್ಲೂಸಿನ ರುಚಿ ಇರುವುದೂ ಈ ಎಳೆದಾಟದಲ್ಲೇ.

ಮೊದಲು 3 ಮತ್ತು 4ನೇ ತಂತಿಗಳಲ್ಲಿ ಎರಡೆರಡು ಸ್ವರ ಹಿಡಿದು ಕಾರ್ಡುಗಳ ನಡಿಗೆಯನ್ನು ಕೇಳಿ. ಎ7ಕ್ಕೆ 4ನೇ ತಂತಿ 5ನೇ ಫ್ರೆಟ್, 3ನೇ ತಂತಿ 6ನೇ ಫ್ರೆಟ್. ಡಿ7 ಬಂದಾಗ ಎರಡು ಬೆರಳೂ ಒಂದು ಫ್ರೆಟ್ ಕೆಳಗೆ: 4 ಮತ್ತು 5. ಇ7 ಬಂದಾಗ ಎ7ರ ಜಾಗದಿಂದ ಒಂದು ಫ್ರೆಟ್ ಮೇಲೆ: 6 ಮತ್ತು 7. ಇಡೀ ಬ್ಲೂಸ್ ನಾಲ್ಕು ಫ್ರೆಟ್ಟಿನ ಅಗಲದಲ್ಲಿ ಕೂತಿದೆ. ಇದನ್ನು ಹತ್ತು ಸುತ್ತು ನುಡಿಸಿದವರಿಗೆ ಕಾರ್ಡು ಯಾವಾಗ ಬದಲಾಗುತ್ತದೆ ಎಂದು ಎಣಿಸುವ ಕೆಲಸವೇ ಉಳಿಯುವುದಿಲ್ಲ.

ಸೋಲೊಗೆ ಬಂದರೆ, ಎ7ರ ಮೇಲೆ ಮೇಜರ್ ಪೆಂಟಟಾನಿಕ್ ಸೊಗಸು. ಎ, ಬಿ, ಸಿ ಶಾರ್ಪ್, ಇ, ಎಫ್ ಶಾರ್ಪ್. ನಿಮ್ಮ ಮೈನರ್ ಬಾಕ್ಸನ್ನೇ ಮೂರು ಫ್ರೆಟ್ ಕೆಳಗೆ, 2ನೇ ಫ್ರೆಟ್ಟಿಗೆ ಇಳಿಸಿದರೆ ಅದು ಸಿಗುತ್ತದೆ. ಅದಕ್ಕೆ ಡಿ ಮತ್ತು ಜಿ ಸೇರಿಸಿದರೆ ಎ ಮಿಕ್ಸೊಲಿಡಿಯನ್. ಡಿ7 ಬಂದ ಕೂಡಲೇ ಸಿ ಶಾರ್ಪ್ ಬಿಟ್ಟುಬಿಡಿ, ಕಾರ್ಡಿನೊಳಗಿನ ಸಿಗೆ ಡಿಕ್ಕಿ ಹೊಡೆಯುತ್ತದೆ. ಅಲ್ಲಿ ಮೈನರ್ ಪೆಂಟಟಾನಿಕ್‌ಗೆ ಮರಳಿ. ಮೇಜರ್ ಪೆಂಟಟಾನಿಕ್ ಹಿಡಿದು ಡಿ7ರಲ್ಲಿ ಬೀಳುವುದೇ ಇಲ್ಲಿ ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಇನ್ನು ಎ7ರ ಮೇಲೆ ಮೈನರಿನ ಸಿ ಸ್ವರ ಹೇಗೆ ಒಪ್ಪುತ್ತದೆ ಎನ್ನುವ ಅನುಮಾನ ಬರಬಹುದು. ಅದನ್ನು ನೆಟ್ಟಗೆ ಹಿಡಿದರೆ ಒಪ್ಪುವುದಿಲ್ಲ. 3ನೇ ತಂತಿಯ 5ನೇ ಫ್ರೆಟ್ಟನ್ನು ಕೂದಲೆಳೆಯಷ್ಟು ನೆಲದ ಕಡೆಗೆ ಎಳೆಯಿರಿ, ಸಿಗೂ ಸಿ ಶಾರ್ಪಿಗೂ ನಡುವೆ ನಿಲ್ಲಿಸಿ. ಇಲ್ಲವೇ 5ರಿಂದ 6ಕ್ಕೆ ಹ್ಯಾಮರ್ ಮಾಡಿ, ಅಂದರೆ ಮತ್ತೆ ಮೀಟದೆ ಬೆರಳು ಬಡಿದು 6 ನುಡಿಸಿ. ನಮ್ಮ ಗಾಯಕರು ಗಾಂಧಾರವನ್ನು ಎರಡು ಸ್ವರಸ್ಥಾನಗಳ ನಡುವೆ ತೂಗುವುದನ್ನು ಕೇಳಿ ಬೆಳೆದ ಕಿವಿಗೆ ಇದು ಬೇಗ ಒಗ್ಗುತ್ತದೆ.

ಪ್ರಶ್ನೆ: ಎಂಟು ವರ್ಷ ಕರ್ನಾಟಕ ಪಿಟೀಲು ಕಲಿತಿದ್ದೇನೆ, ಈಗ ಗಿಟಾರ್ ಹಿಡಿದಿದ್ದೇನೆ. ಎ ಮೈನರ್, ಡಿ ಮೈನರ್, ಇ7 ಟ್ರ್ಯಾಕಿಗೆ ಕೀರವಾಣಿ ನುಡಿಸಬಹುದೇ? ಗಮಕ ಹಾಕಿದರೆ ಯಾಕೋ ಅಪಶ್ರುತಿಯಾಗಿ ಕೇಳುತ್ತದೆ. (ದುಬೈನಲ್ಲಿರುವ ಕನ್ನಡತಿ)

ಉತ್ತರ: ಧಾರಾಳವಾಗಿ ನುಡಿಸಬಹುದು. ಎಯನ್ನು ಷಡ್ಜ ಮಾಡಿದರೆ ಕೀರವಾಣಿಯ ಸ್ವರಗಳು ಎ, ಬಿ, ಸಿ, ಡಿ, ಇ, ಎಫ್, ಜಿ ಶಾರ್ಪ್. ನೀವು ಹೇಳಿದ ಮೂರೂ ಕಾರ್ಡುಗಳ ಎಲ್ಲ ಸ್ವರಗಳೂ ಇದರೊಳಗೇ ಇವೆ. ಟ್ರ್ಯಾಕಿನಲ್ಲಿ ಎಲ್ಲಾದರೂ ಜಿ ಮೇಜರ್ ಕಾರ್ಡ್ ಬಂದರೆ ಮಾತ್ರ ಕಾಕಲಿ ನಿಷಾದ (ಜಿ ಶಾರ್ಪ್) ಬಿಟ್ಟು ಕೈಶಿಕಿ ನಿಷಾದಕ್ಕೆ (ಜಿ) ಇಳಿಯಿರಿ, ನಠಭೈರವಿಯ ಹಾಗೆ. ಇ7 ಮೇಲೆ ಟ್ರ್ಯಾಕ್ ಎಂಟು, ಹದಿನಾರು ಬಾರ್ ನಿಂತುಬಿಟ್ಟರೆ ಕಿವಿ ಇಯನ್ನೇ ಷಡ್ಜ ಎಂದುಕೊಳ್ಳುತ್ತದೆ. ಸ್ವರಗಳು ಅವೇ, ಆದರೆ ಈಗ ಅವು ವಕುಳಾಭರಣದವು. ಗಿಟಾರಿನವರು ಇದನ್ನು ಫ್ರಿಜಿಯನ್ ಡಾಮಿನೆಂಟ್ ಎನ್ನುತ್ತಾರೆ.

ಗಮಕದ ತೊಂದರೆಗೆ ಕಾರಣ ಇಷ್ಟು. ತಂಬೂರಿ ಮೀಟುವುದು ಸಾ ಮತ್ತು ಪಾ ಮಾತ್ರ. ಗಾಂಧಾರ ಎಷ್ಟು ತೂಗಿದರೂ ಅದಕ್ಕೆ ಎದುರಾಡುವವರು ಅಲ್ಲಿ ಇಲ್ಲ. ಬ್ಯಾಕಿಂಗ್ ಟ್ರ್ಯಾಕಿನಲ್ಲಿ ಕೀಬೋರ್ಡ್ ಅದೇ ಗಾಂಧಾರವನ್ನು ಅಲುಗಾಡದೆ ಹಿಡಿದಿರುತ್ತದೆ. ನಿಮ್ಮ ಕಂಪಿತ (ಸ್ವರವನ್ನು ತೂಗುವ ಗಮಕ) ನೆರೆಯ ಸ್ವರಗಳನ್ನು ಮುಟ್ಟಿ ಬರುವಷ್ಟು ಹೊತ್ತೂ ಅದಕ್ಕೆ ತಿಕ್ಕುತ್ತಲೇ ಇರುತ್ತದೆ. ಆದ್ದರಿಂದ ಕಾರ್ಡು ಬದಲಾಗುವ ಬೀಟಿನಲ್ಲಿ ಸ್ವರವನ್ನು ಶುದ್ಧವಾಗಿ ನಿಲ್ಲಿಸಿ, ಗಮಕವನ್ನು ಆಮೇಲಿನ ಬೀಟುಗಳಿಗೆ ಇಟ್ಟುಕೊಳ್ಳಿ. ಅಥವಾ ಕಾರ್ಡಿನಲ್ಲಿ ಇಲ್ಲದ ಸ್ವರದಲ್ಲಿ ಗಮಕ ಹಾಕುತ್ತ ಬಂದು ಕಾರ್ಡಿನ ಸ್ವರದಲ್ಲಿ ನಿಲ್ಲಿ. ಜಾರು ಎಲ್ಲಿ ಬೇಕಾದರೂ ಚೆನ್ನ. ರಾಗದ ಪೂರ್ತಿ ಸಂಚಾರ ಮಾಡುವ ಮನಸ್ಸಿದ್ದರೆ ಕಾರ್ಡು ಬದಲಾಗದ, ಬೇಸ್ ಮತ್ತು ಡ್ರಮ್ ಮಾತ್ರ ಇರುವ ಟ್ರ್ಯಾಕ್ ಆರಿಸಿಕೊಳ್ಳಿ. ಕೀರವಾಣಿ ಸ್ಕೇಲಷ್ಟೇ ಅಲ್ಲ ಎನ್ನುವುದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು, ಅದನ್ನು ಕಾರ್ಡುಗಳ ಸಂದಿಯಲ್ಲಿ ತುರುಕುವುದು ಬೇಡ.

ಇನ್ನೊಂದು ಮಾತು, ನಿಮಗೆ ಖುಷಿಯಾಗುವಂಥದ್ದು: ಎಲ್ಲರೂ ಹೇಳುವ ಎ ಮೈನರ್ ಪೆಂಟಟಾನಿಕ್ ನಿಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. ಅದು ಸಿಯನ್ನು ಷಡ್ಜವಾಗಿಟ್ಟ ಮೋಹನದ ಧೈವತದಿಂದ ಗ್ರಹಭೇದ ಮಾಡಿದರೆ ಸಿಗುವಂಥದ್ದು. ಬಾಕ್ಸ್ ಚಿತ್ರ ನೋಡುವ ಬದಲು ಸ್ವರ ಹಾಡಿಕೊಂಡು ಹುಡುಕಿ. ಒಂದು ಸಂಜೆಯ ಕೆಲಸ.

ಪ್ರಶ್ನೆ: ಸ್ವರ ಯಾವುದೂ ತಪ್ಪುತ್ತಿಲ್ಲ. ಆದರೂ ನನ್ನ ಸೋಲೊ ಸ್ಕೇಲ್ ಅಭ್ಯಾಸದ ಹಾಗೆ, ಹತ್ತಿ ಇಳಿದ ಹಾಗೆ ಕೇಳಿಸುತ್ತದೆ. (ಶಿವಮೊಗ್ಗ)

ಉತ್ತರ: ಒಂದು ಸುತ್ತು ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನೀವು ನುಡಿಸದೆ ಸುಮ್ಮನಿದ್ದ ಜಾಗಗಳನ್ನು ಎಣಿಸಿ. ಬಹುಶಃ ಒಂದೂ ಇರುವುದಿಲ್ಲ. ಎರಡು ಬಾರ್ ನುಡಿಸಿ ಎರಡು ಬಾರ್ ಕೈ ತೆಗೆಯುವುದನ್ನು ನಿಯಮ ಮಾಡಿಕೊಳ್ಳಿ. ಸುಮ್ಮನಿರುವ ಎರಡು ಬಾರಿನಲ್ಲಿ ಮುಂದಿನ ಮಾತನ್ನು ಬಾಯಲ್ಲಿ ಗುನುಗಿ, ಗುನುಗಿದ್ದನ್ನೇ ನುಡಿಸಿ. ಗಂಟಲಿಗೆ ಉಸಿರು ಬೇಕು, ಹಾಗಾಗಿ ಅದು ತಾನಾಗಿಯೇ ನಿಲ್ಲಿಸುತ್ತದೆ. ಬೆರಳಿಗೆ ಆ ಹಂಗಿಲ್ಲ.

ಒಂದು ದಿನ ಮೂರೇ ಸ್ವರ ಇಟ್ಟುಕೊಂಡು ಹತ್ತು ನಿಮಿಷ ನುಡಿಸಿ: 3ನೇ ತಂತಿಯ 5 ಮತ್ತು 7, 2ನೇ ತಂತಿಯ 5. ಸ್ವರ ಕಡಿಮೆಯಾದಾಗ ಲಯದಲ್ಲಿ ಏನಾದರೂ ಮಾಡಲೇಬೇಕಾಗುತ್ತದೆ. ಬೀಟಿಗೆ ನಾಲ್ಕು ಮಾತ್ರೆಯಂತೆ ಒಂದು ಬಾರಿಗೆ 16 ಮಾತ್ರೆ. ಎಲ್ಲವನ್ನೂ ತಕಧಿಮಿಯಲ್ಲಿ ತುಂಬುವ ಬದಲು ನಾಲ್ಕು ತಕಿಟ, ಕೊನೆಗೆ ಒಂದು ತಕಧಿಮಿ ಹಾಕಿ. ಪೆಟ್ಟು ಬೀಟಿನಿಂದ ಜಾರುತ್ತ ಹೋಗಿ ಬಾರಿನ ಅಂಚಿಗೆ ಸರಿಯಾಗಿ ಬಂದು ಸೇರುತ್ತದೆ. ಅವೇ ಮೂರು ಸ್ವರ ಬೇರೆಯವರು ನುಡಿಸಿದ ಹಾಗೆ ಕೇಳಿಸುತ್ತವೆ.

ಬೆಂಡ್‌ಗಳನ್ನೂ ಪರೀಕ್ಷಿಸಿಕೊಳ್ಳಿ. 3ನೇ ತಂತಿಯ 7ನೇ ಫ್ರೆಟ್ಟನ್ನು ಪೂರ್ತಿ ಒಂದು ಸ್ವರ ಎಳೆದರೆ 2ನೇ ತಂತಿಯ 5ನೇ ಫ್ರೆಟ್ಟಿನ ಇ ಬರಬೇಕು. ಎರಡನ್ನೂ ಒಂದರ ಹಿಂದೊಂದು ನುಡಿಸಿ ಹೋಲಿಸಿ. ಹೆಚ್ಚಿನವರದು ಮೇಲೆ ಮುಟ್ಟುವುದೇ ಇಲ್ಲ, ಏಕೆಂದರೆ ಉಂಗುರದ ಬೆರಳೊಂದರಿಂದಲೇ ತಳ್ಳುತ್ತಾರೆ. ಹಿಂದಿನ ಎರಡು ಬೆರಳನ್ನೂ ಅದೇ ತಂತಿಯ ಮೇಲೆ ಊರಿ, ಮಣಿಕಟ್ಟನ್ನು ತಿರುಗಿಸಿ ತಳ್ಳಿ.

ಪ್ರಶ್ನೆ: ಟ್ಯೂನರ್ ಸರಿ ತೋರಿಸುತ್ತದೆ, ಆದರೂ ಕೆಲವು ಟ್ರ್ಯಾಕಿಗೆ ಗಿಟಾರ್ ಹೊಂದುವುದೇ ಇಲ್ಲ. (ಕಲಬುರಗಿ)

ಉತ್ತರ: ಎಲ್ಲ ಟ್ರ್ಯಾಕೂ ಎ ಸ್ವರಕ್ಕೆ 440 ಹರ್ಟ್ಸ್ ಎನ್ನುವ ಮಾಮೂಲಿ ಶ್ರುತಿಯಲ್ಲಿ ಇರುವುದಿಲ್ಲ. ವೇಗ ಬದಲಿಸಿದ ಹಳೆಯ ರೆಕಾರ್ಡಿಂಗುಗಳು ಎರಡು ಫ್ರೆಟ್ಟುಗಳ ನಡುವೆ ಎಲ್ಲೋ ಕೂತಿರುತ್ತವೆ. ಟ್ರ್ಯಾಕಿನ ಬೇಸ್ ಸಾ ಹಿಡಿದಿರುವ ಜಾಗವನ್ನು ಮತ್ತೆ ಮತ್ತೆ ಹಾಕಿ, ಒಂದು ತಂತಿಯನ್ನು ಕಿವಿಯಿಂದಲೇ ಅದಕ್ಕೆ ಕೂಡಿಸಿ. ಆ ತಂತಿಯನ್ನು ಟ್ಯೂನರಿಗೆ ತೋರಿಸಿ, ಮುಳ್ಳು ನಡುವಿಗೆ ಬರುವವರೆಗೆ ಟ್ಯೂನರಿನ 440 ಅಂಕಿಯನ್ನು ಮೇಲೆ ಕೆಳಗೆ ಮಾಡಿ. ಉಳಿದ ಐದನ್ನು ಅದೇ ಅಂಕಿಗೆ ಕೂಡಿಸಿ. ಎಲ್ಲವೂ ಸರಿಯಾಗಿ ಒಂದು ಫ್ರೆಟ್ ಕೆಳಗಿದ್ದರೆ ಟ್ರ್ಯಾಕ್ ಇ ಫ್ಲಾಟ್ ಟ್ಯೂನಿಂಗಿನದು, ಆರೂ ತಂತಿ ಅರ್ಧ ಸ್ವರ ಇಳಿಸಿ. 12ನೇ ಫ್ರೆಟ್ಟಿನ ಹಾರ್ಮೋನಿಕ್‌ಗೂ ಅದೇ ಫ್ರೆಟ್ ಒತ್ತಿ ಮೀಟಿದ ಸ್ವರಕ್ಕೂ ವ್ಯತ್ಯಾಸ ಕೇಳಿಸಿದರೆ ದೋಷ ಟ್ರ್ಯಾಕಿನದಲ್ಲ. ಹಳೆಯ ತಂತಿ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಬ್ರಿಡ್ಜಿನ ಹತ್ತಿರ ಇಂಟೊನೇಶನ್, ಅಂದರೆ ತಂತಿಯ ಉದ್ದದ ಹೊಂದಾಣಿಕೆ, ಸರಿಮಾಡಿಸಬೇಕು.